ಹಡಗು ನೋಡಲು ಹೋದ ಭಾನುವಾರ

ಮಂಗಳೂರಿನ ಹತ್ತಿರದ ಸೋಮೇಶ್ವರದಿಂದ ಬಟ್ಟಪಾಡಿವರೆಗೆ ಕಡಲ ತೀರದಲ್ಲೇ ನಡಿಗೆ. ಹತ್ತು ಜನ, ಜೊತೆಗೆ ದಾರಿ ತೋರಿಸಲು ಊರಿನದ್ದೇ ಒಬ್ಬ ಹುಡುಗ. ಮುಳುಗಿದ ಹಡಗು ತೋರಿಸ್ತಾರೆ ಅಂತ ನಾನು ಬೈನಾಕ್ಯುಲರ್ ಬೇರೆ ಹೊತ್ತುಕೊಂಡು ಹೋಗಿದ್ದೆ.

2022ರ ಜೂನ್‌ನಲ್ಲಿ, ಮಳೆಗಾಲದ ಕಡಲಲ್ಲಿ, 'ಪ್ರಿನ್ಸೆಸ್ ಮಿರಾಲ್' ಮುಳುಗಿದ್ದು ಇಲ್ಲೇ ಹತ್ತಿರ. ಚೀನಾದಿಂದ ಲೆಬನಾನಿಗೆ ಹೊರಟಿದ್ದ ಹಡಗು, ಹೊಟ್ಟೆ ತುಂಬ ಉಕ್ಕಿನ ಸುರುಳಿಗಳು, ಸುಮಾರು 8,000 ಟನ್. ಅದರಲ್ಲಿದ್ದ 15 ಸಿರಿಯನ್ನರನ್ನೂ ಕೋಸ್ಟ್ ಗಾರ್ಡ್‌ನವರು ಉಳಿಸಿದರು. ಆಗ ಊರಿಗೆಲ್ಲ ಎಣ್ಣೆ ಸೋರಿದರೆ ಮೀನಿನ ಗತಿ ಏನು ಅನ್ನುವುದೇ ಚಿಂತೆ.

ಹುಡುಗ ಕೈ ತೋರಿಸಿದ ಕಡೆ ನನಗೆ ಕಂಡದ್ದು ಬರೀ ನೀರು. ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು, "ಎಂತ ನೋಡ್ತಾ ಇದ್ದೀರಿ ಮಾರಾಯ್ರೆ?" ಅಂದರು. ಹಡಗು ಅಂದೆ. ನಕ್ಕು ಮತ್ತೆ ಬಲೆಗೆ ಕೈ ಹಾಕಿದರು.

ಆಮೇಲೆ ನಾನು ಸುಮ್ನೆ ಕಾಲ ಬುಡ ನೋಡುತ್ತಾ ನಡೆದೆ. ಅಲ್ಲೇ ಜಾಸ್ತಿ ಇತ್ತು! ಮರಳಿನ ಬಣ್ಣದ್ದೇ ಏಡಿಗಳು, ನೆರಳು ಬಿದ್ದರೆ ಸಾಕು, ಅಡ್ಡಡ್ಡ ಓಡಿ ತೂತಿನೊಳಗೆ ಮಾಯ. ಮೇಲೆ ಬಿಳಿ ತಲೆಯ ಗರುಡ. ಆಲಿವ್ ರಿಡ್ಲೆ ಆಮೆಗಳು ಮಂಗಳೂರಿನ ತೀರಕ್ಕೂ ಬಂದು ಮೊಟ್ಟೆ ಇಡುತ್ತವಂತೆ. ಮರಳು ಬಿಸಿ ಹೆಚ್ಚಾದರೆ ಹೆಣ್ಣು ಮರಿ, ತಂಪಾದರೆ ಗಂಡು ಅಂತ ಹುಡುಗ ಹೇಳಿದಾಗ ಬರಿಗಾಲಲ್ಲಿ ನಿಂತು ಒಮ್ಮೆ ಬಿಸಿ ನೋಡಿದೆ.

ಎಂಟು ಸಾವಿರ ಟನ್ ಕಬ್ಬಿಣ ಕಣ್ಣಿಗೆ ಬೀಳಲಿಲ್ಲ, ಹೆಬ್ಬೆರಳಷ್ಟು ಏಡಿ ಬಿತ್ತು. ಬೈನಾಕ್ಯುಲರ್ ಒಳಗೆ ಈಗ ಮರಳು. ಒರೆಸುವುದು ಹೇಗೆ, ಗೊತ್ತಿದ್ದವರು ಹೇಳಿ.