ಕೊಟ್ಟಿಗೆಹಾರದಲ್ಲಿ ಪುಷ್ಯ ಮಳೆಯ ಒಂದು ದಿನ

ಮೂಡಿಗೆರೆ ಬಿಟ್ಟ ಬಸ್ಸು ಬಣಕಲ್ ದಾಟುವಷ್ಟರಲ್ಲಿ ಕಿಟಕಿಯ ಗಾಜು ಒಳಗಿನಿಂದಲೇ ಮಂಜಾಗಿರುತ್ತದೆ. ಕೊಟ್ಟಿಗೆಹಾರದಲ್ಲಿ ಇಳಿದರೆ ಕಾಣುವುದು ಇಷ್ಟೇ: ದಾರಿಗಳು ಕೂಡುವ ಒಂದು ಸರ್ಕಲ್ಲು, ಆಚೀಚೆ ಹೋಟೆಲು-ಅಂಗಡಿ ಸಾಲು, ಒಂದು ಚೆಕ್‌ಪೋಸ್ಟ್. ಒಂದು ದಾರಿ ಮೂಡಿಗೆರೆಗೆ, ಒಂದು ಬಾಳೂರಿನ ಮೇಲೆ ಕಳಸ-ಹೊರನಾಡಿಗೆ, ಇನ್ನೊಂದು ಚಾರ್ಮಾಡಿ ಘಾಟಿ ಇಳಿದು ಉಜಿರೆ, ಧರ್ಮಸ್ಥಳ, ಮಂಗಳೂರಿಗೆ. 1956ರ ನವೆಂಬರ್ 1ಕ್ಕೆ ಮೊದಲು ಘಟ್ಟದ ಕೆಳಗಿನ ದಕ್ಷಿಣ ಕನ್ನಡ ಮದ್ರಾಸ್ ರಾಜ್ಯಕ್ಕೆ ಸೇರಿತ್ತು. ಮೈಸೂರು ರಾಜ್ಯ ಈ ಅಂಚಿಗೆ ಮುಗಿಯುತ್ತಿತ್ತು. ಈಗ ಉಳಿದಿರುವುದು ಬರೀ ಜಿಲ್ಲೆಯ ಗಡಿ. ಆದರೂ ಮಳೆ, ತಿಂಡಿ, ಮಾತು, ಗಾಡಿಯ ಗೇರು ಎಲ್ಲ ಇವತ್ತಿಗೂ ಬದಲಾಗುವುದು ಇಲ್ಲೇ. ಅದನ್ನು ನೋಡಬೇಕೆಂದರೆ ಬಿಸಿಲು ಕಾಲದ ವಾರಾಂತ್ಯದಲ್ಲಿ ಬಂದು ಪ್ರಯೋಜನವಿಲ್ಲ. ಜುಲೈ ಕೊನೆಗೆ, ಪುಷ್ಯ ಮಳೆ ಹಿಡಿದಾಗ ಬರಬೇಕು.

ಆ ದಿನಗಳಲ್ಲಿ ಬೆಳಗಿನ ಮೊದಲ ಮಾತೇ ಮಳೆಯ ಲೆಕ್ಕ. ಅದೂ ಮಿಲಿಮೀಟರಿನಲ್ಲಲ್ಲ, ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿ.ಮೀ. "ನಮ್ಮಲ್ಲಿ ನಾಲ್ಕಿಂಚು ಇಪ್ಪತ್ತು ಸೆಂಟು. ನಿಮ್ ಕಡೆ ಎಷ್ಟಾಯ್ತು ಗೌಡ್ರೇ?" ಎನ್ನುವ ವಿಚಾರಣೆ ಹೋಟೆಲಿನ ಮೂಲೆ ಮೂಲೆಯಲ್ಲಿ ನಡೆದಿರುತ್ತದೆ. ಕಾಫಿ ತೋಟಗಳಲ್ಲಿ ರೇನ್‌ಗೇಜ್ ಇಟ್ಟು ವರ್ಷಗಟ್ಟಲೆ ಪುಸ್ತಕ ಬರೆದುಕೊಂಡು ಬಂದವರಿದ್ದಾರೆ. ಆದರೆ ಪಕ್ಕಪಕ್ಕದ ಎರಡು ತೋಟಗಳ ಲೆಕ್ಕ ಹೊಂದದಿದ್ದರೆ ಎಲ್ಲ ಸಲವೂ ಮಳೆಯದೇ ತಪ್ಪಲ್ಲ. ಗೇಜನ್ನು ಸಿಲ್ವರ್ ಮರದ ಪಕ್ಕ ಇಟ್ಟಿದ್ದರೆ ಎಲೆಯ ಹನಿ ಸೇರಿ ಹೆಚ್ಚು ತೋರಿಸುತ್ತದೆ, ಇಲ್ಲವೇ ಗಾಳಿಮಳೆಗೆ ಮರವೇ ಅಡ್ಡವಾಗಿ ಕಡಿಮೆ ತೋರಿಸುತ್ತದೆ. ಮರ ಅಥವಾ ಮನೆ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಬಿಡಬೇಕು. ಪುಷ್ಯದಲ್ಲಿ ಇನ್ನೊಂದು ಮೋಸವಿದೆ. ರಾತ್ರಿಯ ಮಳೆಗೆ ಒಳಗಿನ ಬಾಟಲಿ ತುಂಬಿ ಹೊರಗಿನ ಡಬ್ಬಿಗೆ ಚೆಲ್ಲಿರುತ್ತದೆ. ಬಾಟಲಿಯನ್ನಷ್ಟೇ ಅಳೆದವರ ಪುಸ್ತಕದಲ್ಲಿ ಒಂದೆರಡು ಇಂಚು ಮಾಯ. ಅಳತೆಯ ಜಾರು ಒಡೆದರೆ ಸಿಕ್ಕಿದ ಜಾರು ತರುವಂತಿಲ್ಲ, ಏಕೆಂದರೆ ಅದರ ಗೆರೆಗಳು ಆಯಾ ಗೇಜಿನ ಬಾಯಿಯ ಅಗಲಕ್ಕೆ ಹೊಂದಿಸಿ ಹಾಕಿದವು. ದಿನಾ ಒಂದೇ ಹೊತ್ತಿಗೆ ಅಳೆಯಬೇಕು; ಹವಾಮಾನ ಇಲಾಖೆಯ ಕ್ರಮ ಬೆಳಿಗ್ಗೆ 8.30.

ಇಲ್ಲಿ ವರ್ಷಕ್ಕೆ ನೂರಿಂಚು ದಾಟುವುದು ಮಾಮೂಲು. ಇದೇ ಜಿಲ್ಲೆಯ ಕಡೂರಿಗೆ ಹೋದರೆ ಮೂವತ್ತಕ್ಕೂ ಎಳೆದಾಟ. ಬಿದ್ದ ನೀರೂ ಇಲ್ಲೇ ಪಾಲಾಗುತ್ತದೆ: ಹತ್ತಿರದ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಮೂಡಣಕ್ಕೆ ಹರಿದು ಕಾವೇರಿ ಸೇರುತ್ತದೆ, ಘಾಟಿಯ ಹಳ್ಳಗಳು ಪಡುವಣಕ್ಕಿಳಿದು ನೇತ್ರಾವತಿ ಸೇರುತ್ತವೆ.

ತಿಂಡಿಗೆ ನೀರುದೋಸೆ. ಘಟ್ಟದ ಕೆಳಗಿನ ಈ ದೋಸೆ ಮೇಲೆ ಹತ್ತಿ ಬಂದು ಊರಿಗೇ ಹೆಸರು ತಂದಿದೆ. ಅಕ್ಕಿ, ನೀರು, ಉಪ್ಪು, ಬೇಕಾದರೆ ಸ್ವಲ್ಪ ಕಾಯಿತುರಿ. ಉದ್ದು ಇಲ್ಲ, ಹುಳಿ ಬರಿಸುವುದಿಲ್ಲ. ಇಷ್ಟು ಕಡಿಮೆ ಸಾಮಾನಿನ ಅಡುಗೆಯಲ್ಲಿ ತಪ್ಪು ಮುಚ್ಚಿಡಲು ಜಾಗವಿರುವುದಿಲ್ಲ. ಎರಡು ಲೋಟ ದೋಸೆ ಅಕ್ಕಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಾಲು ಲೋಟ ಕಾಯಿತುರಿಯೊಂದಿಗೆ ಬೆರಳಿಗೆ ತರಿ ಸಿಗದಷ್ಟು ನುಣ್ಣಗೆ ರುಬ್ಬಬೇಕು. ಆಮೇಲೆ ರುಬ್ಬಿದ ನೀರೂ ಸೇರಿ ಒಟ್ಟು ಐದರಿಂದ ಆರು ಲೋಟದಷ್ಟು ನೀರು. ಹಳೆ ಅಕ್ಕಿ ಹೆಚ್ಚು ನೀರು ಹಿಡಿಯುತ್ತದೆ, ಹೊಸ ಅಕ್ಕಿ ಅಂಟು. ಅದಕ್ಕೇ ಹೋಟೆಲಿನವರು ಮೂಟೆ ಬದಲಾದ ದಿನ ಮೊದಲ ದೋಸೆಯನ್ನು ನೋಡಿಯೇ ಮುಂದಿನ ನೀರು ಹಾಕುವುದು. ಹಿಟ್ಟು ಮಜ್ಜಿಗೆಯಷ್ಟು ತೆಳ್ಳಗಿರಬೇಕು.

ಕಾವಲಿ ಚೆನ್ನಾಗಿ ಕಾಯಬೇಕು, ಕಬ್ಬಿಣದ್ದಾದರೆ ಒಳ್ಳೆಯದು. ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಒರೆಸಿ, ಸೌಟಿನಿಂದ ಹಿಟ್ಟನ್ನು ಅಂಚಿನಿಂದ ಸುತ್ತ ಹೊಯ್ದು ನಡುವಿಗೆ ಬರಬೇಕು. ಸೌಟಿನಲ್ಲಿ ತಿಕ್ಕಿ ಹರಡುವಂತಿಲ್ಲ. ಬಿದ್ದ ಕೂಡಲೇ ಚುರ್ ಎಂದು ಸಣ್ಣ ತೂತುಗಳ ಬಲೆ ಮೂಡಿದರೆ ಬಿಸಿ ಸರಿಯಿದೆ. ಮುಚ್ಚಳ ಮುಚ್ಚಿ ಒಂದು ನಿಮಿಷ, ಒಂದೇ ಬದಿ, ಕೆಂಪಾಗಬಾರದು. ಅಂಚು ತಾನಾಗಿ ಎದ್ದಾಗ ನಾಲ್ಕಾಗಿ ಮಡಚುವುದು. ತೂತು ಬೀಳದೆ ಹಾಳೆಯ ಹಾಗೆ ಕೂತರೆ ಕಾವಲಿ ತಣ್ಣಗಿದೆ ಅಥವಾ ಹಿಟ್ಟು ಗಟ್ಟಿ. ಎತ್ತುವಾಗ ಹರಿದರೆ ನೀರು ಜಾಸ್ತಿ. ಒಂದೆರಡು ಚಮಚ ಅಕ್ಕಿಹಿಟ್ಟು ಕದಡಿದರೆ ದಾರಿಗೆ ಬರುತ್ತದೆ. ಮೊದಲಿನವು ಚೆನ್ನಾಗಿ ಬಂದು ಕೊನೆಯವು ರೊಟ್ಟಿಯಂತಾದರೆ ಕಾರಣ ಬೇರೆ: ಅಕ್ಕಿ ತಳಕ್ಕಿಳಿದಿದೆ. ಪ್ರತಿ ಸಲವೂ ಬುಡದಿಂದ ಕದಡಿಯೇ ಸೌಟು ತುಂಬಬೇಕು. ನೆಂಚಿಕೊಳ್ಳಲು ಕಾಯಿಚಟ್ನಿ, ಕೋಳಿಸಾರು ಎರಡೂ ಸಿಗುತ್ತವೆ. ಬೆಲ್ಲ ಕಾಯಿಯೇ ಸರಿ ಎನ್ನುವ ಪಂಗಡವೂ ಇದೆ, ಅವರ ಮಾತಿನಲ್ಲಿ ಹುರುಳಿದೆ.

ಮೀನಿನ ಆಸೆಯಿಂದ ಬಂದವರಿಗೆ ಪುಷ್ಯ ಒಳ್ಳೆಯ ಕಾಲವಲ್ಲ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ನಾಡದೋಣಿಯವರು ಹಿಡಿದದ್ದು ಘಟ್ಟ ಹತ್ತುವ ಹೊತ್ತಿಗೆ ರೇಟೂ ಹತ್ತಿರುತ್ತದೆ. ಬಂಗುಡೆ ಕೊಳ್ಳುವುದೇ ಆದರೆ ಕಿವಿರು ಎತ್ತಿ ನೋಡಿ: ಕೆಂಪಗಿರಬೇಕು, ಕಂದಾಗಿದ್ದರೆ ಬೇಡ. ಈ ಎರಡು ತಿಂಗಳು ಮನೆಗಳನ್ನು ಸಾಕುವುದು ಒಣಮೀನು. ಅದನ್ನೂ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗುವಂತೆ ಇಡದಿದ್ದರೆ ಈ ಥಂಡಿಗೆ ಬೂಸ್ಟು ಹಿಡಿಯುತ್ತದೆ.

ಮಧ್ಯಾಹ್ನದ ಮೇಲೆ ಘಾಟಿ ಇಳಿಯುವವರು ಮಾಡಬೇಕಾದ ಮೊದಲ ಕೆಲಸ, ಕೆಳಗಿನಿಂದ ಬಂದ ಡ್ರೈವರನ್ನು ಹಿಡಿದು ಕೇಳುವುದು. "ಕೆಳಗೆ ಹೆಂಗಿದೆ ಅಣ್ಣಾ?" "ಸೋಮನಕಾಡು ಹತ್ರ ಮುಂದಿನ ಗಾಡಿನೇ ಕಾಣಲ್ಲ. ಆಮೇಲೆ ಪರವಾಗಿಲ್ಲ, ನಿಧಾನ ಹೋಗಿ." ಮೊಬೈಲಿನ ನಕ್ಷೆಗಿಂತ ಈ ಸುದ್ದಿ ಹೊಸದು. 2019ರ ಆಗಸ್ಟಿನ ಆಶ್ಲೇಷಾ ಮಳೆಗೆ ಈ ಘಾಟಿ ಹಲವು ಕಡೆ ಕುಸಿದು ಸಂಚಾರವೇ ನಿಂತಿತ್ತು.

ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು; ಕಾರಿಗೆ ಹೆಚ್ಚು ಕಡೆ ಎರಡನೆಯದು, ಹೇರ್‌ಪಿನ್ ತಿರುವಿನಲ್ಲಿ ಬೇಕಾದರೆ ಒಂದನೆಯದು. ಮೂರು-ನಾಲ್ಕರಲ್ಲಿ ಬಿಟ್ಟು ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಬಂದರೆ ಲೈನರ್ ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲು ಒತ್ತಿದರೂ ಗಾಡಿ ಹಿಡಿಯುವುದಿಲ್ಲ. ವಾಸನೆ ಬಂದರೆ ಅಗಲ ಇರುವ ಕಡೆ ನಿಲ್ಲಿಸಿ, ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಆರಲು ಬಿಡಬೇಕು. ಬಿಸಿ ಡ್ರಮ್ಮಿಗೆ ನೀರು ಸುರಿಯಬೇಡಿ, ಬಿರುಕು ಬಿಡುತ್ತದೆ. ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿ ಇಳಿಯುವ ಜಾಣರು ಈಗಲೂ ಇದ್ದಾರೆ. ಎಂಜಿನ್ ನಿಂತರೆ ಬ್ರೇಕಿನ ಬೂಸ್ಟರಿಗೆ ಬಲ ಸಿಗುವುದಿಲ್ಲ, ಎರಡು-ಮೂರು ಸಲ ಒತ್ತುವಷ್ಟರಲ್ಲಿ ಪೆಡಲು ಕಲ್ಲಾಗುತ್ತದೆ, ಸ್ಟಿಯರಿಂಗೂ ಬಿಗಿ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸು ಬರುತ್ತದೆ. ಲೋಬೀಮ್ ಇಟ್ಟು, ತಿರುವಿಗೆ ಮೊದಲೇ ಹಾರ್ನ್ ಹೊಡೆದು, ಹತ್ತಿ ಬರುವ ಗಾಡಿಗೆ ದಾರಿ ಬಿಡಬೇಕು. ಗಾಜು ಒಳಗೆ ಮಂಜಾದರೆ ಚಳಿಯಾದರೂ ಸರಿ, ಎಸಿ ಹಾಕಿ ಗಾಳಿಯನ್ನು ಗಾಜಿನತ್ತ ತಿರುಗಿಸಿ. ವೈಪರ್ ಕೈಕೊಟ್ಟಾಗ ಗಾಜಿನ ಹೊರಮೈಗೆ ಹೊಗೆಸೊಪ್ಪು ಉಜ್ಜಿ ಊರು ಮುಟ್ಟುತ್ತಿದ್ದ ಹಳೆ ಡ್ರೈವರುಗಳ ಉಪಾಯ ತೀರಾ ಸುಳ್ಳಲ್ಲ, ಆದರೆ ಅದನ್ನು ನಂಬಿ ಹೊರಡಬಾರದು.

ನಡುವೆ ಅಣ್ಣಪ್ಪಸ್ವಾಮಿ ಗುಡಿಯ ಹತ್ತಿರ ಬಹುತೇಕ ಗಾಡಿಗಳು ನಿಧಾನವಾಗುತ್ತವೆ, ಒಂದು ಕಾಣಿಕೆ ಬೀಳುತ್ತದೆ. ಜಲಪಾತ ಕಂಡಲ್ಲೆಲ್ಲ ಗಾಡಿ ನಿಲ್ಲಿಸಿ ಬಂಡೆ ಹತ್ತುವುದು ಮಾತ್ರ ಬೇಡ. ಪಾಚಿಯ ಬಂಡೆಯ ಮೇಲೆ ಯಾವ ಶೂ ಕೂಡ ನಿಲ್ಲುವುದಿಲ್ಲ, ಮೇಲಿನಿಂದ ಕಲ್ಲು ಉರುಳುವುದೂ ಇದೇ ಮಳೆಯಲ್ಲಿ. ಹುಲ್ಲಿಗೆ ಇಳಿದರೆ ಇಂಬಳ, ಅಂದರೆ ನೆಲದ ಜಿಗಣೆ, ಹತ್ತುತ್ತದೆ. ಕಾಲಿಗೆ ಉಪ್ಪು ಸವರಿಕೊಂಡರೆ ಮಳೆಗೆ ತೊಳೆದು ಹೋಗುತ್ತದೆ. ಹೊಗೆಸೊಪ್ಪು ನೆನೆಸಿದ ನೀರಿನಲ್ಲಿ ಅದ್ದಿದ ಕಾಲುಚೀಲ ಹೆಚ್ಚು ಹೊತ್ತು ಕಾಯುತ್ತದೆ. ಕಚ್ಚಿದ್ದನ್ನು ಕಿತ್ತೆಳೆಯದೆ ಉಗುರಿನಿಂದ ಅದರ ಬಾಯಿಯ ಬುಡವನ್ನು ಸರಿಸಿ ಬಿಡಿಸಿ. ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಗಾಬರಿ ಬೇಡ.

ಚೆಕ್‌ಪೋಸ್ಟಿನಲ್ಲಿ ಗಾಡಿ ತಡೆದರೆ ವಾದ ಮಾಡಿ ಹೊತ್ತು ಕಳೆಯದೆ ಬೇರೆ ದಾರಿ ಯೋಚಿಸುವುದು ಲೇಸು. ಮೂಡಿಗೆರೆಗೆ ಹಿಂತಿರುಗಿ ಸಕಲೇಶಪುರದ ಮೇಲೆ ಶಿರಾಡಿ ಘಾಟಿ ಇಳಿಯಬಹುದು, ಆದರೆ ಇದೇ ಮಳೆಗೆ ಅಲ್ಲೂ ಮಣ್ಣು ಕುಸಿಯುವುದುಂಟು, ಹೊರಡುವ ಮೊದಲು ಫೋನಿನಲ್ಲಿ ವಿಚಾರಿಸಿ. ಕಳಸ, ಕುದುರೆಮುಖದ ಮೇಲೆ ಕಾರ್ಕಳಕ್ಕೆ ಹೋಗುವ ದಾರಿ ಚಂದ, ಆದರೆ ಸುತ್ತು. ನಡುವೆ ರಾಷ್ಟ್ರೀಯ ಉದ್ಯಾನದ ಕಾಡಿದ್ದು ರಾತ್ರಿ ಗಾಡಿ ಬಿಡುವುದಿಲ್ಲ. ಆ ಕಡೆ ಹೋಗುವುದಾದರೆ ಮಧ್ಯಾಹ್ನದ ಊಟಕ್ಕೆ ಕಾಯದೆ, ದೋಸೆ ತಿಂದವರೇ ಹೊರಡಬೇಕು.