2317 ಎಲ್ಲಿ ಹೋಯ್ತು?

ನಮ್ಮ ಆಫೀಸಿನ ಹಳೇ ಪ್ರಾಜೆಕ್ಟನ್ನು ಕೊನೆಗೂ ಎಸ್‌ವಿಎನ್‌ನಿಂದ ಗಿಟ್‌ಗೆ ತಂದೆವು. ಎರಡೂ ಕೋಡಿನಲ್ಲಿ ಯಾರು, ಯಾವಾಗ, ಏನು ಬದಲಿಸಿದರು ಅಂತ ದಾಖಲೆ ಇಡುವ ಸಾಫ್ಟ್‌ವೇರ್‌ಗಳು. ಹನ್ನೊಂದು ವರ್ಷದ ಕೋಡು, ಈಗ ಅದರಲ್ಲಿ ಕೆಲಸ ಮಾಡುವವರು ಆರೇ ಜನ. ಶನಿವಾರ, ಭಾನುವಾರ ಕೂತು ಮುಗಿಸ್ತೀನಿ ಅಂತ ಮೀಟಿಂಗ್‌ನಲ್ಲಿ ಜಂಬ ಕೊಚ್ಚಿದವನು ನಾನೇ. ಮೂರು ವಾರ ಹಿಡಿಯಿತು.

ಕೋಡು ತರುವುದು ದೊಡ್ಡ ವಿಷಯವಲ್ಲ. ಗಿಟ್-ಎಸ್‌ವಿಎನ್ ಅಂತ ಒಂದು ಟೂಲ್ ಇದೆ, ಮೊದಲನೇ ಕಮಿಟ್‌ನಿಂದ (ದಾಖಲಾದ ಒಂದೊಂದು ಬದಲಾವಣೆಗೂ ಕಮಿಟ್ ಅಂತಾರೆ) ಶುರು ಮಾಡಿ ಒಂದೊಂದನ್ನೇ ಎಳೆದು ತರುತ್ತದೆ, ರಾತ್ರಿ ಹಚ್ಚಿಟ್ಟು ಮಲಗಿದರೆ ಆಯಿತು. ಆದರೆ ಅದಕ್ಕೆ ಮೊದಲು ಹೆಸರುಗಳ ಪಟ್ಟಿ ಬೇಕು. ಎಸ್‌ವಿಎನ್‌ನಲ್ಲಿ ಕಮಿಟ್ ಜೊತೆ ಬರೀ ಯೂಸರ್‌ನೇಮ್ ಇರುತ್ತದೆ, ಗಿಟ್‌ಗೆ ಹೆಸರೂ ಬೇಕು, ಇಮೇಲೂ ಬೇಕು. ನಮ್ಮಲ್ಲಿ ಹತ್ತೊಂಬತ್ತು ಯೂಸರ್‌ನೇಮ್ ಸಿಕ್ಕವು, ಅದರಲ್ಲಿ ಒಂದು ‘ಟೆಂಪ್2’. ಯಾರಪ್ಪಾ ಇದು ಅಂತ ಎರಡು ದಿನ ಹುಡುಕಿದೆ. ಕೊನೆಗೆ ಟೀ ಕುಡಿಯುವಾಗ ನಮ್ಮ ಸೀನಿಯರ್ ನಕ್ಕರು: “ನಾನೇ ಕಣ್ರೀ. ಸೇರಿದ ಹೊಸದರಲ್ಲಿ ಐಡಿ ಬರೋದು ತಡ ಆಗಿತ್ತು.”

ಖಾಲಿ ಫೋಲ್ಡರ್‌ಗಳನ್ನು ಗಿಟ್ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಸೋಮವಾರ ಬೆಳಿಗ್ಗೆ ಬಿಲ್ಡ್ ಬಿತ್ತು, ಕೋಡಿನಿಂದ ಪ್ರೋಗ್ರಾಮ್ ತಯಾರಾಗಲೇ ಇಲ್ಲ. ಫೋಲ್ಡರ್ ಒಳಗೆ ಸುಮ್ನೆ ಒಂದು ಖಾಲಿ ಫೈಲ್ ಇಟ್ಟೆ, ಸರಿಹೋಯಿತು.

ಇಷ್ಟೇ ಅಂದುಕೊಂಡು ಊಟಕ್ಕೆ ಎದ್ದಿದ್ದೆ. ಸೀನಿಯರ್ ಕರೆದರು. “ರೀ, 2317 ಎಲ್ಲಿ ಹೋಯ್ತು?”

ಎಸ್‌ವಿಎನ್‌ನಲ್ಲಿ ಪ್ರತಿ ಕಮಿಟ್‌ಗೂ ಕ್ರಮವಾಗಿ ಒಂದು ನಂಬರ್. ನಮ್ಮ ಕೋಡಿನ ಕಾಮೆಂಟುಗಳಲ್ಲಿ, ಬಗ್ ಪಟ್ಟಿಯಲ್ಲಿ, ಹಳೇ ಮೇಲ್‌ಗಳಲ್ಲಿ ಎಲ್ಲಾ ಕಡೆ “2317 ನೋಡಿ, ಈ ಸಾಲು ತೆಗೀಬೇಡಿ” ಅನ್ನುವ ಥರದ ಮಾತುಗಳೇ. ಗಿಟ್‌ನಲ್ಲಿ ನಂಬರ್ ಇಲ್ಲ, ಪ್ರತಿ ಕಮಿಟ್ ಗುರುತಿಸಲು ಅದರಲ್ಲಿರುವುದರಿಂದಲೇ ಲೆಕ್ಕ ಹಾಕಿದ, ಅಂಕಿ-ಅಕ್ಷರ ಬೆರೆತ ನಲವತ್ತು ಅಕ್ಷರದ ಹ್ಯಾಶ್ ಇದೆ. ಆ ಸಾಲು ಯಾಕಿದೆ ಅಂತ ತಿಳಿಯುವ ದಾರಿಯನ್ನು ನಾನೇ ಮುಚ್ಚಿ ಹಾಕಿದ್ದೆ.

ಸಿಟ್ಟು ಬಂದದ್ದು ಯಾಕೆ ಅಂದರೆ, ಗಿಟ್-ಎಸ್‌ವಿಎನ್ ತಾನಾಗಿಯೇ ಪ್ರತಿ ಕಮಿಟ್ ಸಂದೇಶದ ಕೊನೆಗೆ ಹಳೇ ನಂಬರ್ ಇರುವ ಒಂದು ಸಾಲು ಸೇರಿಸುತ್ತದೆ. ಸಂದೇಶ ನೀಟಾಗಿ ಕಾಣಲಿ ಅಂತ ಅದನ್ನು ಬೇಡ ಅನ್ನುವ ‘ನೋ ಮೆಟಾಡೇಟಾ’ ಆಪ್ಷನ್ ಹಾಕಿ ಅಂತ ಎಷ್ಟೋ ಟ್ಯುಟೋರಿಯಲ್‌ಗಳು ಹೇಳುತ್ತವೆ, ನಾನೂ ಕಣ್ಣು ಮುಚ್ಚಿ ಹಾಕಿದ್ದೆ. ಎಲ್‌ಎಲ್‌ವಿಎಂನವರು 2019ರಲ್ಲಿ, ಜಿಸಿಸಿಯವರು 2020ರ ಜನವರಿಯಲ್ಲಿ ಎಸ್‌ವಿಎನ್ ಬಿಟ್ಟು ಬಂದವರು, ಎರಡೂ ಕೋಡನ್ನು ಕಂಪ್ಯೂಟರಿನ ಭಾಷೆಗೆ ತರುವ ಕಂಪೈಲರ್ ಪ್ರಾಜೆಕ್ಟುಗಳು. ಅವರ ಹಳೇ ಕಮಿಟ್‌ಗಳನ್ನು ತೆಗೆದು ನೋಡಿದರೆ ಸಂದೇಶದ ಕೊನೆಯಲ್ಲಿ ಎಸ್‌ವಿಎನ್ ನಂಬರ್ ಇವತ್ತಿಗೂ ಕೂತಿದೆ. ಅಷ್ಟು ದೊಡ್ಡ ಪ್ರಾಜೆಕ್ಟಿನವರಿಗೇ ಬೇಕಾದದ್ದು ನನಗೆ ಕಸ ಅನ್ನಿಸಿತ್ತು, ನೋಡಿ.

ಮತ್ತೆ ಮೊದಲಿಂದ ಮಾಡಿದೆ. ಆದರೆ ಸಂದೇಶದಲ್ಲಿ ಒಂದು ಸಾಲು ಬದಲಾದರೂ ಹ್ಯಾಶ್ ಬದಲಾಗುತ್ತದೆ, ಅದರ ಹಿಂದೆಯೇ ಮುಂದಿನ ಎಲ್ಲ ಕಮಿಟ್‌ಗಳ ಹ್ಯಾಶೂ ಬದಲಾಗುತ್ತದೆ. ಅಷ್ಟರಲ್ಲಿ ಐದು ಜನ ಕ್ಲೋನ್ ಮಾಡಿ, ಅಂದರೆ ತಮ್ಮ ಕಂಪ್ಯೂಟರಿಗೆ ಪ್ರತಿ ಇಳಿಸಿಕೊಂಡು, ಕೆಲಸ ಶುರು ಮಾಡಿಯಾಗಿತ್ತು! ಅವರವರ ಕೆಲಸವನ್ನು ಪ್ಯಾಚ್ (ಬದಲಾದ ಸಾಲುಗಳನ್ನು ಬರೆದಿಟ್ಟ ಫೈಲ್) ಮಾಡಿಸಿ ಇಸಕೊಂಡು, ಹೊಸದರ ಮೇಲೆ ಒಂದೊಂದಾಗಿ ಹಚ್ಚಿ, “ದಯವಿಟ್ಟು ಹಳೇದನ್ನ ಡಿಲೀಟ್ ಮಾಡಿ ಮತ್ತೆ ಕ್ಲೋನ್ ಮಾಡಿ” ಅಂತ ಎಲ್ಲರ ಟೇಬಲ್‌ಗೂ ಹೋಗಿ ಕೇಳಿಕೊಂಡೆ. ಬೈದರು. ಹಳೇ ಎಸ್‌ವಿಎನ್ ಸರ್ವರ್ ಈಗಲೂ ಇದೆ, ಓದಬಹುದು, ಕಮಿಟ್ ಮಾಡುವಂತಿಲ್ಲ.

ಈಗ ಲಾಗ್‌ನಲ್ಲಿ 2317 ಅಂತ ಹುಡುಕಿದರೆ ಸಿಗುತ್ತದೆ. ಹೊಸ ಕಮಿಟ್‌ಗಳದ್ದೇ ಕಷ್ಟ. ಮೊನ್ನೆ ಸೀನಿಯರ್‌ಗೆ ಫೋನಿನಲ್ಲಿ ಹ್ಯಾಶ್‌ನ ಮೊದಲ ಏಳು ಅಕ್ಷರ ಓದಿ ಹೇಳುತ್ತಿದ್ದೆ. ಮೂರನೇದಕ್ಕೇ ನಿಲ್ಲಿಸಿದರು. “ಬಿ ಅಂದ್ರಾ, ಡಿ ಅಂದ್ರಾ?”