ಫಾರ್ಮ್ಯಾಟ್ ಆದ ಕಾರ್ಡಿನಿಂದ ಮರಳಿ ಬಂದ ಆಟ

ಯಕ್ಷಗಾನ ಮೇಳಗಳ ವರ್ಷದ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಕೆಲವೇ ದಿನಗಳಿರುವಾಗ ಕುಂಬಳೆ ಸಮೀಪದ ಗದ್ದೆಯೊಂದರಲ್ಲಿ ನಡೆದ ಬಯಲಾಟವನ್ನು ಚಿತ್ರೀಕರಿಸುತ್ತಿದ್ದ ನಾನು, ಬೆಳಗಿನ ಜಾವ ಮೂರು ಗಂಟೆಯ ಹೊತ್ತಿಗೆ, ಇನ್ನೂ ನಕಲು ತೆಗೆಯದಿದ್ದ ಮೆಮೊರಿ ಕಾರ್ಡೊಂದನ್ನು ಖಾಲಿಯೆಂದು ಭಾವಿಸಿ ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿದೆ. ಹಿರಿಯ ಭಾಗವತರೊಬ್ಬರು ಹಾಡಿದ ಒಂದೂವರೆ ಗಂಟೆಯ ಆಟ ಅದರಲ್ಲಿತ್ತು.

ರಾತ್ರಿಯಿಡೀ ನಡೆಯುವ ಆಟಕ್ಕೆ ಕಾರ್ಡುಗಳು ಎಂದೂ ಸಾಲುವುದಿಲ್ಲ. 3840×2160 ಅಳತೆಯಲ್ಲಿ, ಸೆಕೆಂಡಿಗೆ 25 ಫ್ರೇಮುಗಳಂತೆ ಪ್ರೊರೆಸ್ 422 ಎಚ್‌ಕ್ಯೂ ಎಂಬ ಉನ್ನತ ಗುಣಮಟ್ಟದ ವಿಡಿಯೊ ರೂಪದಲ್ಲಿ ಮುದ್ರಿಸಿದರೆ ಸೆಕೆಂಡಿಗೆ ಸುಮಾರು 737 ಮೆಗಾಬಿಟ್, ಎಂದರೆ ಗಂಟೆಗೆ ಸುಮಾರು 330 ಜಿಬಿ ಬೇಕು. 512 ಜಿಬಿಯ ಕಾರ್ಡು ಒಂದೂವರೆ ಗಂಟೆಗೆ ತುಂಬಿಬಿಡುತ್ತದೆ. ಹೀಗಾಗಿ ಚೌಕಿಯ (ವೇಷಧಾರಿಗಳ ಬಣ್ಣದ ಮನೆಯ) ಹಿಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು, ತುಂಬಿದ್ದನ್ನು ಇಳಿಸಿ, ಅದೇ ಕಾರ್ಡನ್ನು ಮತ್ತೆ ಬಳಸುವುದು ಅನಿವಾರ್ಯ.

ಸಾಮಾನ್ಯವಾಗಿ ಕ್ಯಾಮೆರಾದ ತ್ವರಿತ ಫಾರ್ಮ್ಯಾಟ್ ದೃಶ್ಯಗಳನ್ನು ಅಳಿಸುವುದಿಲ್ಲ, ಯಾವ ಕಡತ ಎಲ್ಲಿದೆ ಎಂಬ ಪಟ್ಟಿಯನ್ನಷ್ಟೇ ಹೊಸದಾಗಿ ಬರೆಯುತ್ತದೆ. ಅದರ ಮೇಲೆ ಹೊಸತನ್ನು ಮುದ್ರಿಸಿದಾಗಲೇ ಹಳೆಯದು ನಿಜವಾಗಿ ಹೋಗುತ್ತದೆ. (ಫಾರ್ಮ್ಯಾಟ್ ಮಾಡುವಾಗಲೇ ‘ಹಳೆಯದನ್ನು ತೆರವು ಮಾಡು’ ಎಂಬ ಟ್ರಿಮ್ ಆದೇಶವನ್ನು ಪಡೆಯುವ ಎಸ್‌ಎಸ್‌ಡಿಗಳಲ್ಲಿ ಈ ಆಸೆ ಇಟ್ಟುಕೊಳ್ಳುವಂತಿಲ್ಲ.) ತಪ್ಪು ತಿಳಿಯುವಷ್ಟರಲ್ಲಿ ನಾನು ಇಪ್ಪತ್ತು ಸೆಕೆಂಡು ಮುದ್ರಿಸಿಯಾಗಿತ್ತು. ತಕ್ಷಣ ಕಾರ್ಡನ್ನು ತೆಗೆದು ಬೇರೆ ಚೀಲದಲ್ಲಿಟ್ಟೆ. ಆ ರಾತ್ರಿ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ.

ಮನೆಗೆ ಬಂದ ಮೇಲೆ ಕಾರ್ಡನ್ನು ನೇರವಾಗಿ ಕೆದಕದೆ, ಮೊದಲು ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿ ಅದರ ಪೂರ್ಣ ಪ್ರತಿಬಿಂಬವನ್ನು (ಇದ್ದದ್ದು ಇದ್ದ ಹಾಗೆಯೇ ಇಡೀ ಕಾರ್ಡಿನ ನಕಲನ್ನು) ಡಿಸ್ಕಿಗೆ ತೆಗೆದು, ಅಳಿದ ಕಡತಗಳನ್ನು ಹುಡುಕಿ ತೆಗೆಯುವ ಫೋಟೊರೆಕ್ ತಂತ್ರಾಂಶವನ್ನು ಆ ಪ್ರತಿಬಿಂಬದ ಮೇಲೆ ಓಡಿಸಿದೆ. ಹೆಸರುಗಳು ಹೋಗಿದ್ದರೂ ಮೊದಲನೆಯದೊಂದನ್ನು ಬಿಟ್ಟು ಉಳಿದೆಲ್ಲ ಕ್ಲಿಪ್ಪುಗಳು ಇಡಿಯಾಗಿ ಬಂದವು. ಪ್ರತಿ ಸಲವೂ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡುವ ನನಗೆ ನಡುವೆ ಒಂದೊಂದೇ ಕ್ಲಿಪ್ಪು ಅಳಿಸುವ ಅಭ್ಯಾಸವಿಲ್ಲದ ಕಾರಣ ಕಡತಗಳು ತುಂಡಾಗದೆ ಒಂದರ ಹಿಂದೊಂದು ಅಖಂಡವಾಗಿ ಬರೆಯಲ್ಪಟ್ಟಿದ್ದವು. ಪಟ್ಟಿಯೇ ಇಲ್ಲದಾಗ ಚದುರಿದ ತುಂಡುಗಳನ್ನು ಜೋಡಿಸುವ ದಾರಿ ಬಹುಮಟ್ಟಿಗೆ ಇಲ್ಲ. ಜಾಗ ಸಾಲದೆಂದು ಬೇಡದ ಕ್ಲಿಪ್ಪುಗಳನ್ನು ಕಾರ್ಡಿನಲ್ಲೇ ಅಳಿಸುವ ಗೆಳೆಯರಲ್ಲಿ ನನ್ನ ಕಳಕಳಿಯ ವಿನಂತಿ: ದಯವಿಟ್ಟು ಹಾಗೆ ಮಾಡಬೇಡಿ.

ಮೊದಲ ಕ್ಲಿಪ್ಪಿನ ತಲೆಯನ್ನು ಆ ಇಪ್ಪತ್ತು ಸೆಕೆಂಡು ನುಂಗಿತ್ತು. ಆದರೆ ನನ್ನ ಕ್ಯಾಮೆರಾ ಎಂಒವಿ ವಿಡಿಯೊ ಕಡತದ ಸೂಚಿಯನ್ನು (ಯಾವ ಫ್ರೇಮು ಕಡತದಲ್ಲಿ ಎಲ್ಲಿದೆ ಎಂಬ ವಿವರವನ್ನು) ಕೊನೆಯಲ್ಲಿ ಬರೆಯುವುದರಿಂದ ಅದು ಉಳಿದಿತ್ತು. ಅದರ ಆಧಾರದಿಂದ ಮಿಕ್ಕ ಭಾಗವನ್ನು ಕಟ್ಟಿಕೊಳ್ಳಲು ಎರಡು ದಿನ ಹಿಡಿಯಿತು. ಜನರೇಟರ್ ನಿಂತು ಕ್ಯಾಮೆರಾ ಏಕಾಏಕಿ ಆರಿದಾಗ ಇದಕ್ಕೆ ತದ್ವಿರುದ್ಧವಾಗುತ್ತದೆ: ದೃಶ್ಯವಿರುತ್ತದೆ, ಸೂಚಿ ಇರುವುದಿಲ್ಲ. ಆಗ ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗಿನಲ್ಲಿ ಮುದ್ರಿಸಿದ ಮಾದರಿ ಕಡತವೊಂದನ್ನು ಕೊಟ್ಟು ದುರಸ್ತಿ ಮಾಡಬೇಕಾಗುತ್ತದೆ.

ಈಗ ತುಂಬಿದ ಕಾರ್ಡಿಗೆ ತೆಗೆದ ಕ್ಷಣವೇ ಕೆಂಪು ಟೇಪು ಅಂಟಿಸುತ್ತೇನೆ. ಎರಡು ಬೇರೆ ಡಿಸ್ಕುಗಳಿಗೆ ನಕಲಾಗಿ, ಎರಡರ ಎಂಡಿ5 ಮೊತ್ತವೂ (ಕಡತದಲ್ಲಿರುವುದನ್ನೆಲ್ಲ ಲೆಕ್ಕಹಾಕಿ ಪಡೆಯುವ ತಾಳೆ ಸಂಖ್ಯೆ) ಕಾರ್ಡಿನ ಮೊತ್ತಕ್ಕೆ ಸರಿಹೊಂದಿ, ಕ್ಲಿಪ್ಪುಗಳ ಕೊನೆಯವರೆಗೆ ಒಮ್ಮೆ ಓಡಿಸಿ ನೋಡಿದ ಮೇಲೆಯೇ ನನ್ನ ಸಹಾಯಕ ಆ ಟೇಪನ್ನು ಕೀಳುತ್ತಾನೆ. ಕ್ಯಾಮೆರಾದ ಹಿಂದೆ ನಿಂತ ನಾನು ಅದನ್ನು ಮುಟ್ಟುವುದಿಲ್ಲ.